ನೀಲಕ್ಕನ ಪಾಲಿನ ನೀರು

ನೀಲಕ್ಕ ಯಾರ ಮನೆಗೆ ಹೋದರೂ ತಮ್ಮ ನೀರನ್ನು ತಾವೇ ಒಯ್ಯುತ್ತಿದ್ದರು. ಮೊಮ್ಮಗಳು ಹಿಂದೆ ಬಾಲವಾಡಿಗೆ ಒಯ್ಯುತ್ತಿದ್ದ ಗುಲಾಬಿ ಬಣ್ಣದ ಪುಟ್ಟ ಬಾಟಲಿ ಅದು, ಮೇಲೆ ಬೆಕ್ಕಿನ ಚಿತ್ರ. ಎರಡೂ ಕಿಡ್ನಿ ಕೈಕೊಟ್ಟಿದ್ದರಿಂದ ಇಡೀ ದಿನಕ್ಕೆ ಅಷ್ಟೇ ನೀರು ಎಂದು ಡಾಕ್ಟರು ಕಟ್ಟುನಿಟ್ಟು ಮಾಡಿದ್ದರು. ಹೆಚ್ಚು ಕುಡಿದರೆ ಅದು ಮೈಯಲ್ಲೇ ನಿಂತು ಜೀವಕ್ಕೆ ಸಂಚಕಾರ. ನೀಲಕ್ಕ ತುಟಿ ತೋಯುವಷ್ಟು ಕುಡಿದು, ಮುಚ್ಚಳ ತಿರುವಿ, ಬಾಟಲಿಯನ್ನು ಬೆಳಕಿಗೆ ಹಿಡಿದು ಉಳಿದದ್ದನ್ನು ನೋಡುತ್ತಿದ್ದರು. ಎದುರಿಗೆ ಕೂತ ನಮಗೇ ಬಾಯಾರುತ್ತಿತ್ತು.

ನನಗೆ ಗಿಡ ಬೆಳೆಸುವುದನ್ನು ಮೊದಲಿನಿಂದ ಕಲಿಸಿದವರು ಇವರು. ಮಾಳಮಡ್ಡಿಯ ಬಾಡಿಗೆ ಮಹಡಿಯಲ್ಲೇ ಅರ್ಧ ಆಯುಷ್ಯ ಕಳೆದ ನಾನು, ಉಣಕಲ್ಲಿನಲ್ಲಿ ಅಂಗಳವಿರುವ ಮನೆ ಸಿಕ್ಕ ಉಮೇದಿಗೆ ಆಟೋ ತುಂಬ ಸಸಿ ತಂದಿದ್ದೆ. ಸಸಿ ಯಾವುದು, ಕಳೆ ಯಾವುದು ತಿಳಿಯದ ಹೆಂಗಸು. ನೀರು ಹಾಕುವುದರಲ್ಲಿ ಮಾತ್ರ ಧಾರಾಳಿ. ನಮ್ಮೂರಿನ ನಳದಲ್ಲಿ ನೀರು ವಾರಕ್ಕೊಮ್ಮೆ ಬಂದರೆ ಪುಣ್ಯ. ಬಂತೆಂದರೆ ಓಣಿಗೆ ಓಣಿಯೇ ಓಡಾಡುತ್ತದೆ. ಹೊಸ ನೀರು ತುಂಬಲು ಡ್ರಮ್ಮು, ಕೊಡ, ಬಕೆಟ್ಟುಗಳ ಹಳೆಯ ನೀರನ್ನು ಖಾಲಿ ಮಾಡಬೇಕು. ಗಟಾರಕ್ಕೆ ಚೆಲ್ಲಲು ಮನಸ್ಸು ಬಾರದೆ ಎಲ್ಲವನ್ನೂ ಗಿಡಗಳಿಗೆ ಸುರಿಯುತ್ತಿದ್ದೆ. ಎಲೆ ಹಳದಿಯಾದಾಗ, ಪಾಪ, ಸಾಲಲಿಲ್ಲವೇನೋ ಎಂದು ಇನ್ನಷ್ಟು ಸುರಿದೆ.

ಪಕ್ಕದ ಮನೆಯ ನೀಲಕ್ಕ ಕಂಪೌಂಡಿನ ಆಚೆಯಿಂದ ಇದನ್ನು ನೋಡಿ ನೋಡಿ ಸಾಕಾಗಿ ಒಂದು ದಿನ ಗೇಟು ತೆಗೆದು ಬಂದೇಬಿಟ್ಟರು. ಮಾತಿಲ್ಲ ಕತೆಯಿಲ್ಲ, ಗುಲಾಬಿ ಕುಂಡದ ಮಣ್ಣಿಗೆ ತೋರುಬೆರಳು ಚುಚ್ಚಿ, ಹೊರಗೆ ತೆಗೆದು ಮೂಸಿದರು. ಆಮೇಲೆ ಕುಂಡವನ್ನೇ ಬೋರಲು ಹಾಕಿದರು. ಬೇರು ಕಪ್ಪಾಗಿ, ಮುಟ್ಟಿದರೆ ಕಳಚಿ ಬರುತ್ತಿತ್ತು. ಕೆಟ್ಟ ವಾಸನೆ.

"ನಳಾ ಬಂದದ್ದು ನಿನಗ, ತಂಗಿ. ಗಿಡಕ್ಕೇನು ಗೊತ್ತು ಅದು? ಇದು ಎರಿ ಮಣ್ಣು, ಕುಡದ ನೀರು ಲಗೂನ ಬಿಟ್ಟುಕೊಡೂದಿಲ್ಲ. ನೀ ಇದಕ್ಕ ನೀರು ಕುಡಸಾಕತ್ತಿಲ್ಲ, ಮುಳಗಸಾಕತ್ತಿ."

ಅಂದಿನಿಂದ ಪಾಠ ಶುರುವಾಯಿತು. ಕುಂಡದ ತೂತಿನ ಮೇಲೆ ಹಂಚಿನ ಚೂರು ಇಡುವುದು, ಎರೆಮಣ್ಣಿಗೆ ಉಸುಕು ಮತ್ತು ಹಳೆಯ ಸಗಣಿ ಗೊಬ್ಬರ ಬೆರೆಸುವುದು, ಕುಡಿ ಚಿವುಟುವುದು. ಚಿವುಟುವಾಗ ನಾನು ಹಿಂಜರಿದರೆ ಬೈಗುಳ. ಎಲ್ಲಕ್ಕಿಂತ ದೊಡ್ಡ ಪಾಠ ಬೆರಳಿನದು. ಎರಡನೇ ಗೆಣ್ಣಿನ ತನಕ ಮಣ್ಣಿಗೆ ಇಳಿಸಬೇಕು. ಅಲ್ಲಿ ತಂಪು ತಾಗಿದರೆ ತಂಬಿಗೆ ಕೆಳಗಿಡಬೇಕು. "ಮ್ಯಾಲ ಒಣಗೇತಿ ಅಂತ ಮರಗಬ್ಯಾಡ. ಬಟ್ಟು ಹಾಕಿ ಕೇಳು," ಎನ್ನುತ್ತಿದ್ದರು. ಹತ್ತಿ ವ್ಯಾಪಾರದ ಮನೆತನದ ಸೊಸೆ, ತಾನು ಹೇಳಿದ್ದೇ ನಡೆಯಬೇಕು ಎನ್ನುವ ಸ್ವಭಾವ. ಮದುವೆಗೆ ಇಳಕಲ್ ಸೀರೆ ಉಟ್ಟು ಹೊರಟರೂ ಆ ಬೆರಳಿನ ಉಗುರಿನಲ್ಲಿ ಮಣ್ಣು ಇದ್ದೇ ಇರುತ್ತಿತ್ತು. ಅವರೆಂದರೆ ನನಗೆ ಹೆದರಿಕೆ, ಅದಕ್ಕಿಂತ ಹೆಚ್ಚು ಪ್ರೀತಿ.

ನೀಲಕ್ಕನ ಮಗ ಊರಲ್ಲಿಲ್ಲದ ಒಂದು ದಿನ ಡಯಾಲಿಸಿಸ್‌ಗೆಂದು ವಿದ್ಯಾನಗರದ ಆಸ್ಪತ್ರೆಗೆ ಅವರ ಜೊತೆ ನಾನು ಹೋದೆ. ಅಲ್ಲಿಯ ಮನಿ ಪ್ಲಾಂಟಿನ ಕುಂಡಕ್ಕೂ ಬೆರಳು ಹಾಕಿ, ಇದಕ್ಕೆ ಇನ್ನು ಹನಿ ನೀರು ಹಾಕಬೇಡಿರೆಂದು ನರ್ಸನ್ನು ಗದರಿಸಿದರು. ಅವಳು ನಕ್ಕು ಇವರನ್ನು ತೂಕದ ಯಂತ್ರದ ಮೇಲೆ ನಿಲ್ಲಿಸಿದಳು. ತೂಕ ಏರಿತ್ತು. ಕಾಲನ್ನು ಒತ್ತಿದರೆ ಒತ್ತಿದ ಕುಳಿ ಹಾಗೇ ಉಳಿಯಿತು. ಕದ್ದು ಕುಡಿದಿರೇನು ಎಂದು ಡಾಕ್ಟರು ಕೇಳಿದಾಗ ನೀಲಕ್ಕ ಮನಿ ಪ್ಲಾಂಟಿನ ಕಡೆ ಮುಖ ತಿರುಗಿಸಿದರು. ಗಿಡಕ್ಕೆ ನೀರು ಹಾಕುವ ನೆವದಲ್ಲಿ ಝಾರಿಯ ಮೂತಿಗೇ ಬಾಯಿ ಹಚ್ಚಿ ಕುಡಿಯುತ್ತಾರೆಂದು ಸೊಸೆ ರೇಖಾ ಆಮೇಲೆ ನನ್ನೆದುರು ಅತ್ತಳು.

ಹೀಗಾಗಿ ಅವರ ಕುಂಡಗಳಿಗೂ ನಾನೇ ನೀರು ಹಾಕುವಂತಾಯಿತು. ನೀಲಕ್ಕ ಕಟ್ಟೆಯ ಮೇಲೆ ಕೂತು ನೋಡುತ್ತಿದ್ದರು. ನೀರು ಬೀಳುವ ಸದ್ದಿಗೆ ಅವರು ಉಗುಳು ನುಂಗುವುದು ಕಾಣುತ್ತಿತ್ತು. ನಾನು ಅವರಿಗೆ ಮರೆಯಾಗಿ ನಿಂತು ಹಾಕುವುದನ್ನು ರೂಢಿ ಮಾಡಿಕೊಂಡೆ.

ಈ ಬೇಸಿಗೆಯ ಒಂದು ಮಧ್ಯಾಹ್ನ ರೇಖಾ ಔಷಧಿ ತರಲು ಹೋದಾಗ ಅವರ ಬಳಿ ನಾನೊಬ್ಬಳೇ ಇದ್ದೆ. ಬಾಟಲಿ ಆಗಲೇ ಖಾಲಿಯಾಗಿ ದಿಂಬಿನ ಪಕ್ಕ ಬಿದ್ದಿತ್ತು. ಯಾರಲ್ಲೂ ಏನನ್ನೂ ಬೇಡದ ಹೆಂಗಸು ನನ್ನ ಮುಂಗೈ ಹಿಡಿದುಕೊಂಡರು.

"ಒಂದ ತಂಬಿಗಿ ನೀರು ಕೊಡು, ತಂಗಿ. ರೇಖಾಗ ಹೇಳಬ್ಯಾಡ."

ಡಾಕ್ಟರು ಬೇಡ ಅಂದಿದ್ದಾರೆ ಎಂದಷ್ಟೇ ಹೇಳಿ ಸುಮ್ಮನಿರಬಹುದಿತ್ತು. ಬಾಯಿಗೆ ಬಂದದ್ದು ಅವರದೇ ಪಾಠ. "ಹೆಚ್ಚಾದ್ರ ಬೇರು ಕೊಳೀತಾವ ಅಂತ ನೀವ ಕಲಿಸೀರಲ್ರೀ, ಅಕ್ಕಾ."

ನೀಲಕ್ಕ ನನ್ನನ್ನೇ ನೋಡಿದರು. "ನಾ ಏನು ಗಿಡ ಏನ?"

ಫ್ರಿಜ್ಜಿನಿಂದ ಒಂದು ಚೂರು ಬರ್ಫ ತಂದು ಬಾಯಿಗೆ ಇಟ್ಟೆ. ಡಾಕ್ಟರು ಅಷ್ಟಕ್ಕೆ ಒಪ್ಪಿದ್ದರು. ಅದು ಕರಗುವ ತನಕ ಕಣ್ಣು ಮುಚ್ಚಿಕೊಂಡಿದ್ದರು. ಆಮೇಲೆ ತಮ್ಮ ಮಲ್ಲಿಗೆಗೆ ಬೆರಳು ಹಾಕಿ ನೋಡಿ ಬಾ ಎಂದರು. ಹೋಗಿ ನೋಡಿ ಬಂದು, ಒಳಗೆ ಹಸಿಯಿದೆ ಎಂದೆ.

"ಹಂಗಾದ್ರ ಬ್ಯಾಡ ಬಿಡು," ಎಂದು ಗೋಡೆಯ ಕಡೆ ಹೊರಳಿದರು.

ಅದೇ ಅವರು ನನ್ನೊಡನೆ ಆಡಿದ ಕೊನೆಯ ಮಾತು. ಆ ವಾರವೇ ನಿದ್ದೆಯಲ್ಲಿ ಹೋದರು. ನೀರು ಹೆಚ್ಚಾಗಿ ಅಲ್ಲ, ಹೃದಯ ನಿಂತು ಎಂದರು ಡಾಕ್ಟರು. ನಾನು ಮಾಡಿದ್ದು ಸರಿಯೇ ಎಂದು ಎಲ್ಲರೂ ಅನ್ನುತ್ತಾರೆ, ನಾನೂ ಅಂದುಕೊಳ್ಳುತ್ತೇನೆ. ಆದರೆ ಆ ತಂಬಿಗೆ ನೀರು ತಡೆದು ಉಳಿಸಿದ್ದಾದರೂ ಏನನ್ನು ಎಂಬುದು ತಿಳಿಯದೆ ಜೀವ ಒದ್ದಾಡುತ್ತದೆ.

ಮಲ್ಲಿಗೆಯ ಕುಂಡವನ್ನು ರೇಖಾ ನನಗೆ ಕೊಟ್ಟಿದ್ದಾಳೆ. ಇವತ್ತು ನಳ ಬಂತು. ಎಲ್ಲ ತುಂಬಿಟ್ಟ ಮೇಲೆ ಕುಂಡದ ಮುಂದೆ ಕೂತು ಬೆರಳು ಇಳಿಸಿದೆ. ಎರಡನೇ ಗೆಣ್ಣಿಗೆ ಚೆನ್ನಾಗಿಯೇ ತಂಪು ತಾಗಿತು. ಒಳಗೆ ಹೋಗಿ ಒಂದು ತಂಬಿಗೆ ಹೊಸ ನೀರು ತಂದು, ಅಷ್ಟನ್ನೂ ಹಾಕಿದೆ.