ಎಳೆ ಬಂದ ಚೀಸು

ಹಗಲು ಹೊತ್ತು ಪುಟ್ಟ ಮಕ್ಕಳನ್ನು ನೋಡಿಕೊಳ್ಳುವ ಕೇಂದ್ರವೊಂದರ ಅಡುಗೆಮನೆಯಲ್ಲಿ ಹದಿನಾಲ್ಕು ವರ್ಷದಿಂದ ಅವಳದೇ ಕಾರುಬಾರು. ಸೊಂಟದಲ್ಲಿ ಸದಾ ಒಂದು ಮರದ ಚಮಚ ಸಿಕ್ಕಿಸಿಕೊಂಡಿರುತ್ತಿದ್ದಳಾದ್ದರಿಂದ ಮಕ್ಕಳ ಬಾಯಲ್ಲಿ ಚಮಚದಜ್ಜಿ ಆಗಿಬಿಟ್ಟಿದ್ದಳು. ಅಜ್ಜಿಯಾಗುವ ವಯಸ್ಸೇನೂ ಅಲ್ಲ. ತಾನು ರುಚಿ ನೋಡದ ಒಂದು ತುತ್ತೂ ಆಚೆ ಹೋಗುವುದಿಲ್ಲ ಎಂಬುದು ಅವಳ ಹೆಮ್ಮೆ.

ಮೂರು ವರ್ಷದ ಪಿಳಿಪಿಳಿ ಬಂದ ಮೇಲೆ ಆ ಹೆಮ್ಮೆಯೊಳಗೆ ಅಂಜಿಕೆಯೂ ಸೇರಿಕೊಂಡಿತು. ಕಣ್ಣು ಮಿಟುಕಿಸುತ್ತಲೇ ಇರುವ ಆ ಹುಡುಗಿಗೆ ಹಾಲು ಆಗದು. ಹಿಂದೊಮ್ಮೆ ಒಂದು ಚಮಚ ಮೊಸರಿಗೆ ಗಂಟಲು ಊದಿ ಉಸಿರು ಕಟ್ಟಿತ್ತು. ಮೊದಲ ದಿನ ಅವಳ ತಾಯಿ ಅಡುಗೆಮನೆಯ ಬಾಗಿಲಲ್ಲೇ ನಿಂತು, "ಅಮ್ಮಾ, ಹಾಲಿಂದು ಒಂಚೂರು ಹೊಟ್ಟೆಗೆ ಹೋದ್ರೂ ಉಸಿರು ಕಟ್ಟುತ್ತೆ. ನಿಮ್ಮ ಕೈಗೆ ಹಾಕಿ ಹೋಗ್ತಿದೀನಿ" ಅಂದಿದ್ದಳು.

ಉಳಿದ ಮಕ್ಕಳ ಆಲೂಗಡ್ಡೆಯ ಮೇಲೆ ಚೀಸು ಕರಗಿರುವುದನ್ನು ನೋಡಿ ಮಗು ಮುಖ ಸಣ್ಣದು ಮಾಡಿಕೊಳ್ಳುತ್ತಿತ್ತು. ಚಮಚದಜ್ಜಿಗೆ ಅದು ನೋಡಲಾಗಲಿಲ್ಲ. ಕನ್ನಡಕ ಏರಿಸಿಕೊಂಡು ಅಂಗಡಿ ಅಂಗಡಿ ಸುತ್ತಿದಳು. 'ಲ್ಯಾಕ್ಟೋಸ್ ಇಲ್ಲ' ಎಂದು ದಪ್ಪಕ್ಷರದಲ್ಲಿ ಬರೆದದ್ದು ಹಾಲಿನದೇ ಚೀಸು, ಅದರಲ್ಲಿ ಹಾಲಿನ ಸಕ್ಕರೆಯಷ್ಟೇ ಇಲ್ಲ ಎಂದು ಕಲಿತಳು. ಸಣ್ಣಕ್ಷರದಲ್ಲಿ ಅಡಗಿ ಕೂತ ಕೇಸಿನ್ ಕೂಡ ಹಾಲಿನದೇ ಎಂದು ತಿಳಿದಳು. ಕಡೆಗೆ ಓಟ್ಸ್ ಮತ್ತು ಕೊಬ್ಬರಿ ಎಣ್ಣೆಯಿಂದ ಮಾಡಿದ್ದೊಂದು ಸಿಕ್ಕಿತು. ಮಹಾ ಹಟಮಾರಿ ಚೀಸು ಅದು. ಹಾಗೇ ಒಲೆಗಿಟ್ಟರೆ ಒಣಗಿ ಚಕ್ಕೆ ಏಳುತ್ತಿತ್ತು. ನೀರು ಚಿಮುಕಿಸಿ, ತಟ್ಟೆ ಮುಚ್ಚಿ, ಮುದ್ದು ಮಾಡಿದರೆ ಮಾತ್ರ ಮೆತ್ತಗಾಗುತ್ತಿತ್ತು. ಅದಕ್ಕೆಂದೇ ನೀಲಿ ಮುಚ್ಚಳದ ಡಬ್ಬಿ, ಬೇರೆ ತುರಿಮಣೆ, ಮಗುವಿಗೆ ಕೆಂಪು ಅಂಚಿನ ತಟ್ಟೆ. ಒಂದು ವರ್ಷ ಏನೂ ಆಗಲಿಲ್ಲ.

ಆಮೇಲೆ ಅವಳಿಗೆ ಜ್ವರ ಬಂತು. ಎರಡು ದಿನ ಮಲಗಿ ಮೂರನೆಯ ದಿನ ಮೂಗು ಕಟ್ಟಿಕೊಂಡೇ ಕೆಲಸಕ್ಕೆ ಬಂದಳು. ನೀಲಿ ಡಬ್ಬಿ ತುಂಬಿತ್ತು. ತುರಿಯುವಾಗ ಚೀಸು ಅಂಗೈಗೆ ಅಂಟಿತು. ಸೆಕೆಗೆ ಮೆತ್ತಗಾಗಿದೆ ಅಂದುಕೊಂಡಳು. ಚೂರು ಬಾಯಿಗೆ ಹಾಕಿದರೆ ನಾಲಿಗೆ ಮರದ ತುಂಡು, ರುಚಿಯೇ ತಿಳಿಯದು. ಮನಸ್ಸಿನಲ್ಲಿ ಏನೋ ಕಸಿವಿಸಿ. ಆದರೆ ಆಚೆ ಇಪ್ಪತ್ತೆರಡು ಮಕ್ಕಳು ಹಸಿದು ಮೇಜು ಬಡಿಯುತ್ತಿದ್ದರು. ಆಯಾ ಬಂದು ಕೆಂಪು ಅಂಚಿನ ತಟ್ಟೆ ಎತ್ತಿಕೊಂಡು, "ಇವತ್ತು ಎಷ್ಟು ಚೆನ್ನಾಗಿ ಕರಗಿದೆ ನೋಡಿ" ಅಂದು ಹೋದಳು.

ಚಮಚದಜ್ಜಿ ಆ ಚೀಸು ಕರಗಿಸಿದ ಟ್ರೇ ತೊಳೆಯಲು ನಿಂತಳು. ಮೂಲೆಯಲ್ಲಿ ಉಳಿದದ್ದನ್ನು ಚಮಚದಿಂದ ಕೆರೆದಾಗ ಅದು ಉದ್ದಕ್ಕೆ ಎಳೆ ಎಳೆಯಾಗಿ ಬಂತು. ಎಳೆ ಬರುವುದು ಹಾಲಿನ ಚೀಸಿಗೆ; ಓಟ್ಸಿನದಕ್ಕೆ ಒಂದು ವರ್ಷದಲ್ಲಿ ಒಮ್ಮೆಯೂ ಎಳೆ ಬಂದಿರಲಿಲ್ಲ.

ಟ್ರೇ ಕೈಜಾರಿತು. ಅವಳು ಓಡಿದಳು.

ತಟ್ಟೆಯಲ್ಲಿ ಅರ್ಧ ಉಳಿದಿತ್ತು. ಪಿಳಿಪಿಳಿ ಕತ್ತು ಕೆರೆದುಕೊಳ್ಳುತ್ತಿದ್ದಳು, ತುಟಿ ದಪ್ಪಗಾಗಿತ್ತು. "ಅಜ್ಜಿ, ಗಂಟಲು ಚುಚ್ಚುತ್ತೆ" ಎಂದವಳ ದನಿ ಗೊಗ್ಗರಾಗಿತ್ತು. ಟೀಚರ್ ಗೋಡೆಯ ಕಪಾಟಿನಿಂದ ಅಲರ್ಜಿಗೆಂದೇ ಇಟ್ಟಿದ್ದ ಇಂಜೆಕ್ಷನ್ ಪೆನ್ನು ತಂದಳಾದರೂ ಮುಚ್ಚಳ ಯಾವ ಕಡೆಯದು ತೆಗೆಯಬೇಕೆಂದು ತಿಳಿಯದೆ ತಿರುಗಿಸಿ ನೋಡುತ್ತಿದ್ದಳು. ಚಮಚದಜ್ಜಿ ಕಸಿದುಕೊಂಡು, ಮಗುವನ್ನು ಮಲಗಿಸಿ, ಬಟ್ಟೆಯ ಮೇಲಿಂದಲೇ ತೊಡೆಗೆ ಒತ್ತಿ ಹಿಡಿದು ಹತ್ತರವರೆಗೆ ಎಣಿಸಿದಳು. ಟೀಚರ್ ಆಂಬುಲೆನ್ಸ್‌ಗೆ ಫೋನು ಮಾಡಿದಳು.

ಜ್ವರದ ದಿನಗಳಲ್ಲಿ ಚಮಚದಜ್ಜಿಯ ಬದಲಿಗೆ ಬಂದಿದ್ದ ಅಡುಗೆಯವಳು, ಹಿಂದಿನ ಸಂಜೆ ಡಬ್ಬಿ ಖಾಲಿಯಾದಾಗ, 'ಲ್ಯಾಕ್ಟೋಸ್ ಇಲ್ಲ' ಎಂಬುದನ್ನಷ್ಟೇ ಓದಿ, ಹೊಸ ಪೊಟ್ಟಣ ಒಡೆದು ನೀಲಿ ಡಬ್ಬಿಗೆ ತುಂಬಿ, ಕವರು ಎಸೆದಿದ್ದಳು. ಕಸದ ಬುಟ್ಟಿಯ ತಳದಲ್ಲಿ ಅದು ಸಿಕ್ಕಿತು.

ಸಂಜೆ ಕೇಂದ್ರದ ಮೇಲ್ವಿಚಾರಕಿ ಬಾಗಿಲು ಹಾಕಿಕೊಂಡು ಮೆಲ್ಲಗೆ ಅಂದಳು: "ಪಕ್ಕದ ಮಗುವಿನ ತಟ್ಟೆಯಿಂದ ತಿಂತು ಅಂತ ವರದೀಲಿ ಬರೆಯೋಣ. ನೀವೂ ಹಾಗೇ ಹೇಳಿ."

"ನಾನು ಹಾಗೆ ಹೇಳಲ್ಲ ಮೇಡಂ" ಎಂದವಳೇ ನೇರ ಆಸ್ಪತ್ರೆಗೆ ಹೋದಳು. ಮಗು ನಿದ್ದೆಯಲ್ಲಿತ್ತು, ಉಸಿರು ಸರಿಯಾಗಿತ್ತು.

ತಾಯಿಗೆ ಹೇಳಿದಳು: "ತುರಿದಿದ್ದು ನಾನು. ರುಚಿ ತಿಳೀದೆ ಕಳಿಸಿದ್ದೂ ನಾನೇ."

ತಾಯಿ ಮಗುವಿನ ಹೊದಿಕೆ ಎಳೆದು ಸರಿಮಾಡಿದಳು. "ಇನ್ನೊಂದು ಸಲ ಹೀಗಾಗಲ್ಲ ಅಂತ ಹೇಳಿ ನೋಡೋಣ."

ಚಮಚದಜ್ಜಿ ಮಗುವಿನ ತುಟಿಯತ್ತ ತಿರುಗಿದಳು.

ಮೂರು ವಾರದ ಮೇಲೆ ಮಗು ಮರಳಿ ಬಂತು. ಕೆಲಸಕ್ಕೆ ಹೋಗುವ ತಾಯಿಗೆ ಮಗುವನ್ನು ಬಿಡಲು ಬೇರೆ ಜಾಗ ಇರಲಿಲ್ಲ. ಈಗ ಯಾವ ಪೊಟ್ಟಣವನ್ನೂ ಡಬ್ಬಿಗೆ ಸುರಿಯುವುದಿಲ್ಲ, ಪ್ರತಿಯೊಂದನ್ನೂ ಇಬ್ಬರು ಓದಬೇಕು. ಆದರೂ ಪಿಳಿಪಿಳಿ ಉಂಡು ಮುಗಿಸುವವರೆಗೆ, ಮುಗಿಸಿ ಅರ್ಧ ಗಂಟೆಯವರೆಗೆ, ಚಮಚದಜ್ಜಿ ಅವಳೆದುರು ಕೂತು ತುಟಿಯನ್ನೇ ನೋಡುತ್ತಾಳೆ.

"ಯಾಕಜ್ಜಿ ಹಂಗೆ ನೋಡ್ತೀಯ?" ಎಂದು ಮಗು ಕೇಳಿತು.

"ಸುಮ್ನೆ. ನೀನು ತಿನ್ನು ಕಂದ" ಅಂದಳು.