ಉಪ್ಪು ಹಿಡಿಯದ ಅಣು

ತಂಗಿಯ ಮಕ್ಕಳು ಅವನಿಗಿಟ್ಟ ಹೆಸರು ಉಪ್ಪಿನ ಮಾವ. ಮೂವತ್ತು ವರ್ಷದಿಂದ ಅವನ ಕೆಲಸ ಒಂದೇ: ನೀರಿನಲ್ಲಿ ಕರಗಿದ ಉಪ್ಪನ್ನು ಹಿಡಿದು ಹೊರಗೆಳೆಯುವ ಅಣುಗಳನ್ನು ಕಟ್ಟುವುದು. ಇಷ್ಟು ವರ್ಷದಲ್ಲಿ ಎಷ್ಟು ಉಪ್ಪು ಹಿಡಿದಿರಿ ಎಂದು ಯಾರಾದರೂ ಕೇಳಿದರೆ ಕಿರುಬೆರಳಿನ ಉಗುರು ತೋರಿಸುತ್ತಿದ್ದ. ಹೆಂಡತಿ ಅಷ್ಟಕ್ಕೇ ಬಿಡುತ್ತಿರಲಿಲ್ಲ. "ಅಡುಗೆಗೆ ಉಪ್ಪು ಹಾಕೋದು ಮರೆತ್ರೂ ಇವರಿಗೆ ಗೊತ್ತಾಗಲ್ಲ, ತಟ್ಟೆ ಖಾಲಿ ಮಾಡಿ ಏಳ್ತಾರೆ," ಅನ್ನುತ್ತಿದ್ದಳು. ಮಾತು ನಿಜವಾದ್ದರಿಂದ ಮಾವನೂ ನಗುತ್ತಿದ್ದ.

ಈ ಸಲದ ಅಣುವನ್ನು ಕಾಗದದ ಮೇಲೆ ಬಿಡಿಸಿದ್ದು ಅವನ ಕೈಕೆಳಗೆ ಪಿಎಚ್‌ಡಿ ಮಾಡುತ್ತಿದ್ದ ಹುಡುಗಿ. ಉಪ್ಪು ನೀರಿಗೆ ಬಿದ್ದರೆ ಸೋಡಿಯಂ ಒಂದು ಕಡೆ, ಕ್ಲೋರೈಡ್ ಒಂದು ಕಡೆ ಹೋಗುತ್ತವೆ. ಇವಳ ಅಣುವಿನಲ್ಲಿ ಎರಡಕ್ಕೂ ಪಕ್ಕಪಕ್ಕದಲ್ಲೇ ಒಂದೊಂದು ಗೂಡಿತ್ತು. ಮಾವ ಅದನ್ನು ತಾನೇ ಪುಡಿಯಾಗಿ ತಯಾರಿಸಿ ನಾಲ್ಕು ತಿಂಗಳು ಪರೀಕ್ಷಿಸಿದ. ಅದು ಉಪ್ಪಿನ ಕಡೆ ತಿರುಗಿಯೂ ನೋಡಲಿಲ್ಲ. ವಿನ್ಯಾಸವೇ ತಪ್ಪು ಎಂದು ಹನ್ನೆರಡು ಪುಟದ ವರದಿ ಬರೆದ. ಅಷ್ಟು ಸೊಗಸಾಗಿ ಅವನು ಜೀವಮಾನದಲ್ಲಿ ಏನನ್ನೂ ಬರೆದಿರಲಿಲ್ಲ. ಮುಂದಿನ ಸೋಮವಾರದ ಸಭೆಯಲ್ಲಿ ಯೋಜನೆ ನಿಲ್ಲಿಸಿ, ಹುಡುಗಿಯನ್ನು ಮನೆಗೆ ಕಳಿಸುವುದೆಂದಾಯಿತು.

ಕಡತ ಮುಚ್ಚುವ ಮೊದಲು, ಉಳಿದ ಪುಡಿಯಲ್ಲಿ ಒಂದು ಚಿಟಿಕೆ ಸುಟ್ಟು ನೋಡುವುದು ಅವರ ಪ್ರಯೋಗಾಲಯದ ನಿಯಮ. ಶುದ್ಧವಾಗಿದ್ದರೆ ಏನೂ ಉಳಿಯಬಾರದು. ಗುರುವಾರ ಬೆಳಿಗ್ಗೆ ಮಾವ ಸುಟ್ಟ. ಪುಟ್ಟ ಬಟ್ಟಲಿನ ತಳದಲ್ಲಿ ಬೆಳ್ಳಗೆ ಏನೋ ಉಳಿದಿತ್ತು. ಪರೀಕ್ಷೆ ಮಾಡಿದರೆ, ಉಪ್ಪು!

ಎಲ್ಲಿಂದ ಬಂತು? ಮಾವನ ಕೈಯಿಂದಲೇ. ಹೊಸ ಅಣು ತಯಾರಾದಾಗ, ಉಪ್ಪು ನೀರನ್ನು ಎಳೆದುಕೊಳ್ಳುತ್ತದೆಂದು, ಉಳಿದ ನೀರಿನಂಶ ತೆಗೆಯಲು ಕೊನೆಗೊಮ್ಮೆ ಗಟ್ಟಿ ಉಪ್ಪುನೀರಿನಲ್ಲಿ ತೊಳೆಯುವುದು ಆ ಕಸುಬಿನವರ ರೂಢಿ. ಉಪ್ಪು ಹಿಡಿಯಲೆಂದೇ ಹುಟ್ಟಿದ್ದನ್ನೂ ಮಾವ ರೂಢಿಯಂತೆ ಉಪ್ಪುನೀರಿನಲ್ಲೇ ಅದ್ದಿ ತೆಗೆದಿದ್ದ. ಅದು ಅಲ್ಲೇ ಹೊಟ್ಟೆ ತುಂಬಿಸಿಕೊಂಡಿತ್ತು. ಹೊಟ್ಟೆ ತುಂಬಿದವರನ್ನು ನಾಲ್ಕು ತಿಂಗಳು ಊಟಕ್ಕೆ ಕರೆದು, ಉಣ್ಣಲಿಲ್ಲವೆಂದು ದೂರು ಬರೆದ ಮಹಾಶಯ ತಾನು ಎಂದು ಅವನಿಗೆ ಹೊಳೆಯಿತು.

ಮೂರು ದಿನ ಪುಡಿಯನ್ನು ಬಿಸಿ ಶುದ್ಧನೀರಿನಲ್ಲಿ ತೊಳೆದು ತೊಳೆದು ಖಾಲಿ ಮಾಡಿದ. ಸೋಮವಾರ ಬೆಳಿಗ್ಗೆ ಉಪ್ಪುನೀರಿಗೆ ಹಾಕಿದರೆ ಗಬಕ್ಕನೆ ಹಿಡಿಯಿತು.

ಸಭೆಯಲ್ಲಿ ಮಾವ ಎದ್ದು ನಿಂತು, "ಅಣುವಿನಲ್ಲಿ ಏನೂ ತಪ್ಪಿಲ್ಲ. ದಡ್ಡ ಇಲ್ಲಿ ನಿಂತಿದ್ದಾನೆ, ನೋಡ್ಕೊಳ್ಳಿ," ಎಂದು ಎಲ್ಲವನ್ನೂ ಹೇಳಿದ. ಸಂಸ್ಥೆಯ ನಿರ್ದೇಶಕರು ಕಣ್ಣೀರು ಬರುವಷ್ಟು ನಕ್ಕರು. ಯೋಜನೆ ಉಳಿಯಿತು. ನಗದಿದ್ದವಳು ಹುಡುಗಿ ಒಬ್ಬಳೇ.

ಹೊರಗೆ ಮೆಟ್ಟಿಲ ಬಳಿ ಅವಳು ಮೆಲ್ಲಗೆ ಅಂದಳು: "ಸರ್, ಉಪ್ಪುನೀರಲ್ಲಿ ತೊಳೆದ್ರೆ ಪರವಾಗಿಲ್ವಾ ಅಂತ ನಾನು ಮೊದಲ ದಿನವೇ ಕೇಳಿದ್ದೆ."

ಮಾವನಿಗೆ ಚೆನ್ನಾಗಿ ನೆನಪಿತ್ತು. ಏನಾದರೂ ತಮಾಷೆ ಹೇಳಿ ಜಾರಿಕೊಳ್ಳೋಣವೆಂದು ಬಾಯಿ ತೆರೆದ. ನಾಚಿಕೆಯಾಯಿತು. ಎರಡು ಮೆಟ್ಟಿಲು ಇಳಿದ ಮೇಲೆ ನಿಂತ.

"ಹೌದಮ್ಮಾ, ನೀನು ಕೇಳಿದ್ದೆ," ಅಂದ. "ನಾನು ನಕ್ಕುಬಿಟ್ಟಿದ್ದೆ."