ರುಕ್ಮಿಣಿಬಾಯಿಯ ಒಂದು ವೋಟು

ಮುಂಬಯಿಯ ಸಯನ್‌ನಲ್ಲಿ ನಮ್ಮ ಬಿಲ್ಡಿಂಗಿನ ಮೆಟ್ಟಿಲು ತೊಳೆಯುವ ರುಕ್ಮಿಣಿಬಾಯಿಗೆ ಓದು ಬಾರದು. ಆದರೆ ನಾಲ್ಕನೆಯ ಮಹಡಿಯವರು ಕಸವನ್ನು ಮೂರನೆಯ ಮಹಡಿಯಲ್ಲಿಟ್ಟರೆ ಅದು ಯಾರ ಮನೆಯದೆಂದು ನೋಡಿದ ಕೂಡಲೇ ಹೇಳುತ್ತಾಳೆ, ಬಾಗಿಲು ಬಡಿದು ವಾಪಸ್ಸೂ ಕೊಡುತ್ತಾಳೆ. ಇಂಥ ಹೆಂಗಸಿನ ಹೆಸರನ್ನು ಮತದಾರರ ಪಟ್ಟಿಯಿಂದ ಅಳಿಸಿದರಲ್ಲ, ಅದನ್ನು ನೆನೆದರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ.

ಆಕೆಯದು ವಿಜಯಪುರದ ಕಡೆಯ ಊರು. ಇರುವುದು ಮುನ್ನೂರು ಚಿಲ್ಲರೆ ವೋಟು. ಊರಿನ ಹಿರಿಯ ಗುರಲಿಂಗಪ್ಪ ಯಾವ ಪಕ್ಷ ಅನ್ನುತ್ತಾನೋ ಊರೆಲ್ಲ ಆ ಪಕ್ಷ, ಎದುರಿನವರಿಗೆ ಸೊನ್ನೆ. ಆ ಸೊನ್ನೆ ತೋರಿಸಿಯೇ ಅವನು ತಾಲೂಕಿನಲ್ಲಿ ಮೀಸೆ ತಿರುವುತ್ತಿದ್ದ. ಪ್ರತಿ ಚುನಾವಣೆಗೂ ಸಯನ್‌ಗೆ ಬಸ್ಸು ಕಳಿಸುತ್ತಿದ್ದ. ಇಲ್ಲಿಯ ಚಾಳಿನ ಒಂದೊಂದು ಕೋಣೆಯಲ್ಲಿರುವ ಊರಿನವರನ್ನೆಲ್ಲ ಅದಕ್ಕೆ ಹತ್ತಿಸುವುದು ಮುಕಾದಮ ಕಾಶಪ್ಪನ ಹೊಣೆ. ಕಟ್ಟಡದ ಕೆಲಸ ಕೊಡಿಸುವವನೂ ಅವನೇ ಆದ್ದರಿಂದ ಯಾರೂ ಒಲ್ಲೆ ಅನ್ನುತ್ತಿರಲಿಲ್ಲ. ರುಕ್ಮಿಣಿಬಾಯಿ ಹೀಗೆ ಆರು ಸಲ ಹೋಗಿ ಬಂದಳು.

ಆರನೆಯ ಸಲ ಎಣಿಕೆ ಮುಗಿದಾಗ ಊರಿನ ಬೂತಿನಲ್ಲಿ ಎದುರು ಪಕ್ಷಕ್ಕೆ ಒಂದು ವೋಟು ಬಿದ್ದಿತ್ತು.

ಒಂದೇ ಒಂದು! ಅಷ್ಟಕ್ಕೇ ಗುರಲಿಂಗಪ್ಪ ರೈಲು ಹತ್ತಿ ಮುಂಬಯಿಗೆ ಬಂದ. ರುಕ್ಮಿಣಿಬಾಯಿಯ ಮೊಮ್ಮಗಳ ಶಾಲೆಯ ಅರ್ಜಿ ಬರೆದುಕೊಡಲು ಅವತ್ತು ನಾನೂ ಚಾಳಿಗೆ ಹೋಗಿದ್ದೆ.

“ಆ ಒಂದ ವೋಟ ಯಾರದು? ಊರಾಗಿನವ್ರು ಹಾಕಂಗಿಲ್ಲ. ನಿಮ್ಮೊಳಗ ಯಾರೋ ಅದಾರ” ಎಂದ ಗುರಲಿಂಗಪ್ಪ, ಬಸ್ಸಿಗೆ ಬಂದಿದ್ದವರನ್ನೆಲ್ಲ ಎದುರಿಗೆ ಕೂಡಿಸಿಕೊಂಡು.

ಗುಟ್ಟಿನ ಮತದಾನವಂತೆ! ಇಲ್ಲಿ ಕೋಳಿ ಕದ್ದವನನ್ನು ಹುಡುಕಿದ ಹಾಗೆ ವಿಚಾರಣೆ ನಡೆದಿತ್ತು. ಬಸ್ಸಿನಲ್ಲಿ ಗುರಲಿಂಗಪ್ಪನ ಮೇಲೆ ಗೊಣಗಿದ್ದ ಗಾರೆ ಕೆಲಸದ ಈಶ್ವರನ ಮೇಲೆ ಎಲ್ಲರ ಕಣ್ಣೂ ಬಿತ್ತು. “ನಾಳಿಂದ ನೀ ಕೆಲಸಕ್ಕ ಬರಬ್ಯಾಡ” ಎಂದುಬಿಟ್ಟ ಕಾಶಪ್ಪ. ಮನೆಯಲ್ಲಿ ಬಾಣಂತಿ ಹೆಂಡತಿ. ಈಶ್ವರ ತಲೆ ತಗ್ಗಿಸಿ ನಿಂತ.

ರುಕ್ಮಿಣಿಬಾಯಿ ಸೆರಗು ಸಿಕ್ಕಿಸಿ ಎದ್ದಳು.

“ಅವನ್ನ ಬಿಡ್ರಿ. ಅದು ನಂದು. ಹಳ್ಳಕ್ಕ ಪೂಲ್ ಕಟ್ಟಸ್ತೀನಿ ಅಂತ ನಾಕ ಸಲ ಹೇಳಿದ್ರಿ. ನಮ್ಮವ್ವನ ಹೆಣಾ ನಡಮಟ ನೀರಾಗ ಹೊತ್ತು ದಾಟಿಸೀವಿ. ಆ ನೀರಿನ ಥಂಡಿ ಇನ್ನೂ ನನ್ನ ಕಾಲಾಗ ಐತಿ. ಅದಕ್ಕ ಬ್ಯಾರೆ ಬಟನ್ ಒತ್ತೀನಿ. ಏನ್ ಮಾಡ್ತೀರಿ ಮಾಡ್ರಿ.”

ಗುರಲಿಂಗಪ್ಪ ಆಗ ಏನೂ ಮಾಡಲಿಲ್ಲ. ಚಹಾ ಕುಡಿದು ಹೋದ.

ಮುಂದಿನ ಚುನಾವಣೆಯ ಬಸ್ಸಿನಲ್ಲಿ ಆಕೆಗೆ ಜಾಗವಿರಲಿಲ್ಲ. ರಜೆ ಕೇಳಿ, ರೈಲಿನ ಜನರಲ್ ಡಬ್ಬಿಯಲ್ಲಿ ನಿಂತುಕೊಂಡೇ ಹೋದಳು. ಬೂತಿನಲ್ಲಿ ಹೆಸರೇ ಇಲ್ಲ. ‘ಈಕೆ ಊರಿನಲ್ಲಿ ವಾಸವಿಲ್ಲ, ಮುಂಬಯಿಯಲ್ಲಿದ್ದಾಳೆ’ ಎಂದು ತಕರಾರು ಹೋಗಿತ್ತು. ಸಹಿ ಯಾರದು? ಗುರಲಿಂಗಪ್ಪನದು! ಮುಂಬಯಿಗೆ ಬಸ್ಸು ಕಳಿಸಿ ಕರೆಸಿಕೊಂಡವನಿಗೆ ಆಕೆ ಮುಂಬಯಿಯಲ್ಲಿರುವುದು ಆರು ಸಲ ಕಾಣಲಿಲ್ಲ, ಏಳನೆಯ ಸಲ ಕಂಡಿತು. ಅದೇ ಬಸ್ಸಿನಲ್ಲಿ ಬಂದಿಳಿದ ಎಷ್ಟೋ ಜನರ ಹೆಸರು ಅಲ್ಲೂ ಇತ್ತು, ಇಲ್ಲಿ ಸಯನ್‌ನಲ್ಲೂ ಇತ್ತು. ಅದು ಯಾರಿಗೂ ಕಾಣಲಿಲ್ಲ.

ಕಾನೂನಿನ ಪ್ರಕಾರ ತಕರಾರು ಸರಿಯೇ. ವಾಸವಿದ್ದಲ್ಲೇ ವೋಟು. ಹೊಟ್ಟೆ ಉರಿಯುವುದೂ ಅದಕ್ಕೇ. ಕಾನೂನು ಓದಬಲ್ಲವನು ಅದನ್ನು ಜೇಬಿನಲ್ಲಿಟ್ಟುಕೊಂಡು, ಬೇಕಾದಾಗ ಮಾತ್ರ ಹೊರಗೆ ತೆಗೆಯುತ್ತಾನೆ.

“ಅಕ್ಕಾರ, ಇಲ್ಲೇ ಬರಸ್ರಿ ನನ್ನ ಹೆಸರು” ಎಂದು ಮರಳಿ ಬಂದವಳು ನನ್ನ ಬಾಗಿಲಲ್ಲಿ ಕೂತಳು. ಜೊತೆಗೆ ಈಶ್ವರನೂ ಬಂದಿದ್ದ, ಊರಿನ ಹೆಸರು ತೆಗೆಸಿ ಇಲ್ಲಿ ಹಾಕಿಸಲು. ಬಾಡಿಗೆ ಕರಾರು ಎಲ್ಲಿ, ಲೈಟ್ ಬಿಲ್ ಎಲ್ಲಿ ಎಂದು ಕಚೇರಿಯವರು ಐದು ಸಲ ಓಡಾಡಿಸಿದರು. ಇಪ್ಪತ್ತೆಂಟು ವರ್ಷ ಈ ಊರಿನ ಮೆಟ್ಟಿಲು ತೊಳೆದದ್ದಕ್ಕೆ ದಾಖಲೆ ಎಲ್ಲಿಂದ ತರುವುದು? ಕೊನೆಗೆ ನಮ್ಮ ಸೊಸೈಟಿಯ ಸೆಕ್ರೆಟರಿಯನ್ನೇ ಕರೆದುಕೊಂಡು ಹೋಗಿ ನಾನು ಜಗಳ ತೆಗೆದೆ. ಕಾರ್ಡು ಬಂತು.

ಮೊನ್ನೆ ಇಲ್ಲಿಯ ಚುನಾವಣೆ. ಉಮೇದುವಾರನ ಕಡೆಯವನೊಬ್ಬ ಪಟ್ಟಿ ಹಿಡಿದು ಚಾಳಿಗೆ ಬಂದ. ಪಕ್ಕದಲ್ಲಿ ಅದೇ ಕಾಶಪ್ಪ, ಕುರಿ ಮಾರುವವನ ಹಾಗೆ ಕೈ ಬೀಸಿ ನಲವತ್ತು ವೋಟಿನ ಲೆಕ್ಕ ಹೇಳುತ್ತಿದ್ದ: “ಅಪನಾ ಕನ್ನಡವಾಲೋಂ ಕಾ ಚಾಲೀಸ್ ವೋಟ್, ಸಾಬ್. ಪೂರಾ ಚಾಲೀಸ್!”

ನಲ್ಲಿಯ ಹತ್ತಿರ ಕೊಡ ಇಳಿಸಿ ರುಕ್ಮಿಣಿಬಾಯಿ ಹೇಳಿದಳು: “ಒಂದ ಕಮ್ಮಿ ಹೇಳೋ ಕಾಶಪ್ಪಾ. ನಂದು ನಿನ್ನ ಕಿಸೇದಾಗ ಇಲ್ಲ.”

ಕಾಶಪ್ಪ ಬಾಯಿ ತೆರೆಯುವುದರೊಳಗೆ, ಹಿಂದೆ ಸರದಿಯಲ್ಲಿ ನಿಂತಿದ್ದ ಈಶ್ವರ ತಲೆ ಎತ್ತಿದ.

“ಎರಡ ಕಮ್ಮಿ” ಎಂದ.